ಎಂಜಿನ್ನಿನಲ್ಲಿ ಕೂತವರ ಲೆಕ್ಕ

ಮುಂಬಯಿಯ ಕೊಲಾಬಾದಲ್ಲಿ ಒಂದು ವೀಕ್ಷಣಾಲಯವಿತ್ತು. ಭೂಮಿಯ ಕಾಂತಕ್ಷೇತ್ರ ದಿನದಿಂದ ದಿನಕ್ಕೆ, ಗಂಟೆಯಿಂದ ಗಂಟೆಗೆ ಎಷ್ಟು ಏರಿಳಿಯುತ್ತದೆ ಎಂಬುದನ್ನು ಅಲ್ಲಿ 1841ರಿಂದ ಅಳೆದು ಬರೆದಿಡುತ್ತಿದ್ದರು. ಇಪ್ಪತ್ತನೆಯ ಶತಮಾನ ಕಣ್ಣುಬಿಡುವ ಹೊತ್ತಿಗೆ ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮುಗಳನ್ನು ಬಿಟ್ಟು ವಿದ್ಯುತ್ ಟ್ರಾಮುಗಳನ್ನು ತರುವ ಮಾತು ಶುರುವಾಯಿತು. ಊರಿಗೆಲ್ಲ ಅದು ಸಂಭ್ರಮದ ಸುದ್ದಿ. ವೀಕ್ಷಣಾಲಯದ ನಿರ್ದೇಶಕರಾಗಿದ್ದ ನಾನಾಭಾಯಿ ಅರ್ದೇಶಿರ್ ಫ್ರಾಮ್‌ಜಿ ಮೂಸ್ ಅವರಿಗೆ ಮಾತ್ರ ಅದು ಆತಂಕದ ಸುದ್ದಿ. ಟ್ರಾಮು ಓಡತೊಡಗಿದರೆ ಹಳಿಯಿಂದ ನೆಲಕ್ಕೆ ಸೋರುವ ವಿದ್ಯುತ್ತು ತನ್ನದೇ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಆಮೇಲೆ ಉಪಕರಣದ ಮುಳ್ಳು ಅಲುಗಿದ್ದು ಭೂಮಿಯಿಂದಲೋ ಟ್ರಾಮಿನಿಂದಲೋ ಹೇಳುವವರು ಯಾರು?

ಕೊನೆಗೆ ಮುಳ್ಳೇ ಊರು ಬಿಟ್ಟಿತು. ಸಮುದ್ರದಾಚೆ, ಸುಮಾರು 30 ಕಿಲೋಮೀಟರ್ ದಕ್ಷಿಣಕ್ಕಿರುವ ಅಲಿಬಾಗಿನಲ್ಲಿ 1904ರಲ್ಲಿ ಹೊಸ ವೀಕ್ಷಣಾಲಯ ಶುರುವಾಯಿತು. ಕಟ್ಟಡಕ್ಕೆ ಕಾಂತಗುಣವಿಲ್ಲದ ಪೋರಬಂದರಿನ ಕಲ್ಲು ಬಳಸಿದರು. ಹಳೆಯ ದಾಖಲೆಗೂ ಹೊಸ ದಾಖಲೆಗೂ ಕೊಂಡಿ ತಪ್ಪಬಾರದೆಂದು ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದು, 1906ರಲ್ಲಿ ಕೊಲಾಬಾದ ಕಾಂತ ಅಳತೆಯನ್ನು ನಿಲ್ಲಿಸಿದರು. ಮರುವರ್ಷ ಮೇ ತಿಂಗಳಲ್ಲಿ ಮುಂಬಯಿಯ ಮೊದಲ ವಿದ್ಯುತ್ ಟ್ರಾಮು ಓಡಿತು. ಇಂಗ್ಲೆಂಡಿನಲ್ಲೂ ಇದೇ ಕತೆ. ಲಂಡನ್ನಿನ ಹತ್ತಿರದ ಕ್ಯೂ ವೀಕ್ಷಣಾಲಯದ ಕಾಂತ ಅಳತೆಯನ್ನು ಟ್ರಾಮುಗಳ ಕಾಟ ತಾಳಲಾರದೆ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ಎಂಬ ನಿರ್ಜನ ಜಾಗಕ್ಕೆ ಸಾಗಿಸಬೇಕಾಯಿತು.

ಅಂದರೆ, ವಿದ್ಯುತ್ ಬಂಡಿಗಳು ತಮ್ಮ ಸುತ್ತ ಕಾಣದ ಕ್ಷೇತ್ರವೊಂದನ್ನು ಹೊತ್ತು ತಿರುಗುತ್ತವೆ ಎಂಬುದು ಆಗಲೇ ಗೊತ್ತಿದ್ದ ಸಂಗತಿ. ಅದರ ಮೇಲೆ ಮೊದಲು ದೂರು ಕೊಟ್ಟದ್ದು ಮನುಷ್ಯರ ಮೈಯಲ್ಲ, ವಿಜ್ಞಾನಿಗಳ ಮುಳ್ಳು. ಆ ಕ್ಷೇತ್ರ ಮೈಗೆ ಏನಾದರೂ ಮಾಡುತ್ತದೆಯೇ ಎಂಬ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. ಕೇಳಿದಾಗಲೂ ಭಯಪಟ್ಟವರು ಒಬ್ಬರು, ಆ ಕ್ಷೇತ್ರದಲ್ಲಿ ದಿನವಿಡೀ ಕೂತವರು ಇನ್ನೊಬ್ಬರು.

ಈ ಇತಿಹಾಸವನ್ನು ನಾನು ಹುಡುಕಿಕೊಂಡು ಹೋಗಲು ಒಂದು ಪುಟ್ಟ ಪ್ರಶ್ನೆ ಕಾರಣ. ಮೈಸೂರಿನಿಂದ ಬೆಂಗಳೂರಿಗೆ ಬರುವ ರೈಲಿನಲ್ಲಿ ಎದುರಿಗೆ ಕೂತಿದ್ದ ಹಿರಿಯರೊಬ್ಬರು ಕಿಟಕಿಯಾಚೆ ಓಡುತ್ತಿದ್ದ ಕಂಬಗಳನ್ನು ನೋಡುತ್ತ, "ನಮ್ಮ ತಲೆ ಮೇಲೆ ಇಪ್ಪತ್ತೈದು ಸಾವಿರ ವೋಲ್ಟ್ ಇದೆಯಂತಲ್ಲ. ನನಗೆ ಪೇಸ್‌ಮೇಕರ್ ಹಾಕಿದಾರೆ. ಏನೂ ಆಗಲ್ವಾ?" ಎಂದರು. "ಏನೂ ಆಗಲ್ಲ ಬಿಡಿ ಸರ್" ಎಂದೆ. ಹೇಳಿದ ಮೇಲೆ, ಯಾವ ಆಧಾರದ ಮೇಲೆ ಹೇಳಿದೆ ಎಂದು ನನಗೇ ಅನ್ನಿಸಿತು.

*

ಮೊದಲ ಪ್ರಯೋಗಗಳು ನಡೆದದ್ದು ರೈಲಿನಲ್ಲಲ್ಲ, ಪ್ರಯೋಗಶಾಲೆಯಲ್ಲಿ. 1892ರಲ್ಲಿ ಎಡಿಸನ್ನನ ಪ್ರಯೋಗಶಾಲೆಯಲ್ಲಿ ಫ್ರೆಡರಿಕ್ ಪೀಟರ್ಸನ್ ಎಂಬ ವೈದ್ಯ ಮತ್ತು ಆರ್ಥರ್ ಕೆನೆಲಿ ಎಂಬ ವಿದ್ಯುತ್ ತಜ್ಞ ಸೇರಿ ಬಲವಾದ ವಿದ್ಯುತ್ಕಾಂತಗಳ ನಡುವೆ ಒಂದು ನಾಯಿಯನ್ನು ಐದು ಗಂಟೆ ಇರಿಸಿ ನೋಡಿದರು. ಒಬ್ಬ ಹುಡುಗನನ್ನೂ ಇರಿಸಿ ನೋಡಿದರು. ಇಬ್ಬರಿಗೂ ಏನೂ ಆಗಲಿಲ್ಲ. ಮನುಷ್ಯನ ದೇಹದ ಮೇಲೆ ಕಾಂತಗಳ ಪ್ರಭಾವ ಗಮನಿಸುವಷ್ಟು ಇಲ್ಲ ಎಂದು ಅವರು ತೀರ್ಮಾನಿಸಿದರು. 1896ರಲ್ಲಿ ಫ್ರಾನ್ಸಿನ ದಾರ್ಸೊನ್ವಾಲ್ ಬೇರೆಯೇ ಒಂದನ್ನು ಕಂಡರು. ಕಾಂತಕ್ಷೇತ್ರ ಸ್ಥಿರವಾಗಿರದೆ ಸೆಕೆಂಡಿಗೆ ಹಲವು ಸಲ ದಿಕ್ಕು ಬದಲಿಸುತ್ತಿದ್ದರೆ, ಅದರೊಳಗೆ ತಲೆ ಇಟ್ಟವನ ಕಣ್ಣಿನಲ್ಲಿ ಬೆಳಕು ಮಿನುಗಿದಂತಾಗುತ್ತದೆ. ಹೊರಗೆ ಬಂದರೆ ಎಲ್ಲ ಮೊದಲಿನಂತೆ.

ಈ ಎರಡು ಪ್ರಯೋಗಗಳಲ್ಲೇ ಮುಂದಿನ ಜಗಳದ ಬೀಜವಿದೆ. ಸ್ಥಿರ ಕ್ಷೇತ್ರ ಮೈಯೊಳಗೆ ವಿದ್ಯುತ್ತನ್ನು ಹರಿಸುವುದಿಲ್ಲ, ಬದಲಾಗುವ ಕ್ಷೇತ್ರ ಸ್ವಲ್ಪವಾದರೂ ಹರಿಸುತ್ತದೆ. ಇದು ಒಂದು. ಇನ್ನೊಂದು, ಇಬ್ಬರೂ ಕೇಳಿದ್ದು ಈಗ, ಇಲ್ಲಿ ಏನಾಗುತ್ತದೆ ಎಂದು. ಐದು ಗಂಟೆಯಲ್ಲಿ ಏನೂ ಆಗದಿದ್ದರೆ ಮೂವತ್ತು ವರ್ಷದಲ್ಲೂ ಏನೂ ಆಗುವುದಿಲ್ಲವೇ? ಆ ಪ್ರಶ್ನೆಯನ್ನು ಕೇಳುವ ವಿಧಾನವೇ ಆಗ ಇರಲಿಲ್ಲ.

ಅಷ್ಟರಲ್ಲಿ ರೈಲುಗಳು ಮುಂದೆ ಹೋಗಿದ್ದವು. 1879ರಲ್ಲಿ ಬರ್ಲಿನ್ನಿನ ಕೈಗಾರಿಕಾ ವಸ್ತುಪ್ರದರ್ಶನದಲ್ಲಿ ವರ್ನರ್ ಸೀಮೆನ್ಸ್ 300 ಮೀಟರ್ ಉದ್ದದ ಹಳಿಯ ಸುತ್ತ ಪುಟ್ಟ ವಿದ್ಯುತ್ ಎಂಜಿನ್ ಓಡಿಸಿದ. ಎರಡು ವರ್ಷದ ನಂತರ ಬರ್ಲಿನ್ನಿನ ಲಿಷ್ಟರ್‌ಫೆಲ್ಡೆಯಲ್ಲಿ ಅವನ ಟ್ರಾಮು ಬಂತು. ಹಳಿಗಳಲ್ಲೇ ವಿದ್ಯುತ್ತು ಹರಿಯುತ್ತಿದ್ದುದರಿಂದ ದಾಟುವ ಕುದುರೆಗಳಿಗೆ ಶಾಕ್ ಹೊಡೆಯುತ್ತಿತ್ತು. ಜನರ ಭಯವೆಲ್ಲ ಶಾಕಿನದು. 1890ರಲ್ಲಿ ಲಂಡನ್ನಿನ ನೆಲದಡಿಯಲ್ಲಿ ವಿದ್ಯುತ್ ರೈಲು ಓಡಿತು. ನಮ್ಮಲ್ಲಿ 1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ 1,500 ವೋಲ್ಟ್ ನೇರ ವಿದ್ಯುತ್ತಿನ ಮೊದಲ ರೈಲು ಹೊರಟಿತು. ಹೊಗೆ ಇಲ್ಲ, ಕಿಡಿ ಇಲ್ಲ, ಕಲ್ಲಿದ್ದಲ ಪುಡಿ ಕಣ್ಣಿಗೆ ಬೀಳುವುದಿಲ್ಲ. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಅದು ದೊಡ್ಡ ಬಿಡುಗಡೆಯೇ ಆಗಿತ್ತು. ಮುಂದಿನ ಕತೆ ಓದುವಾಗ ಇದನ್ನು ಮರೆಯಬಾರದು.

ಈ ಕತೆಗೆ ಮುಖ್ಯವಾದ ದೇಶ ಸ್ವಿಟ್ಜರ್ಲೆಂಡ್. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಒದ್ದಾಡಿದ ಆ ದೇಶ ತನ್ನ ಬೆಟ್ಟದ ನೀರಿನಿಂದ ವಿದ್ಯುತ್ತು ತೆಗೆದು ರೈಲು ಓಡಿಸಲು ನಿರ್ಧರಿಸಿತು. 1920ರಿಂದ 1922ರ ಹೊತ್ತಿಗೆ ಗೋತ್ತಾರ್ಡ್ ಮಾರ್ಗ ವಿದ್ಯುತ್ತಿಗೆ ಬದಲಾಯಿತು. 15,000 ವೋಲ್ಟ್, ಆದರೆ ನಮ್ಮ ಮನೆಯ ವಿದ್ಯುತ್ತಿನಂತೆ 50 ಹರ್ಟ್ಜ್ ಅಲ್ಲ, ಅದರ ಮೂರನೆಯ ಒಂದು ಭಾಗ, ಹದಿನಾರು ಚಿಲ್ಲರೆ. ಅಂದಿನ ದೊಡ್ಡ ಮೋಟಾರುಗಳು 50 ಹರ್ಟ್ಜ್‌ನಲ್ಲಿ ವಿಪರೀತ ಕಿಡಿ ಹಾರಿಸುತ್ತಿದ್ದವು, ಅದಕ್ಕೆ. ಜರ್ಮನಿ, ಆಸ್ಟ್ರಿಯಾ, ನಾರ್ವೆ, ಸ್ವೀಡನ್ನುಗಳೂ ಇದೇ ದಾರಿ ಹಿಡಿದವು. ಹೀಗಾಗಿ ಯುರೋಪಿನ ಸಾವಿರಾರು ಚಾಲಕರು ಎರಡು ಮೂರು ತಲೆಮಾರು ಇಂಥ ಎಂಜಿನ್ನುಗಳಲ್ಲಿ ಕೂತು ನಿವೃತ್ತರಾದರು.

*

ಕ್ಷೇತ್ರ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ತಲೆಯ ಮೇಲಿನ ತಂತಿಯ ವೋಲ್ಟೇಜಿಗೂ ಕಾಂತಕ್ಷೇತ್ರಕ್ಕೂ ನೇರ ಸಂಬಂಧವಿಲ್ಲ. ವೋಲ್ಟೇಜಿನಿಂದ ಹುಟ್ಟುವ ವಿದ್ಯುತ್ ಕ್ಷೇತ್ರವನ್ನು ಬೋಗಿಯ ಲೋಹದ ಮೈ ಬಹುಮಟ್ಟಿಗೆ ತಡೆಯುತ್ತದೆ. ಕಾಂತಕ್ಷೇತ್ರ ಹುಟ್ಟುವುದು ಹರಿಯುವ ವಿದ್ಯುತ್ತಿನಿಂದ, ಅಂದರೆ ಆಂಪಿಯರ್‌ಗಳಿಂದ. ಅದನ್ನು ತಡೆಯುವುದು ಅಷ್ಟು ಸುಲಭವಲ್ಲ.

ನಮ್ಮ ಎಕ್ಸ್‌ಪ್ರೆಸ್ ರೈಲುಗಳನ್ನು ಎಳೆಯುವ ವ್ಯಾಪ್-7 ಎಂಜಿನ್ನಿನ ಶಕ್ತಿ 6,350 ಅಶ್ವಶಕ್ತಿ. 25,000 ವೋಲ್ಟಿನಲ್ಲಿ ಅದು ಪೂರ್ಣ ಬಲ ಹಾಕಿದಾಗ ಸುಮಾರು 200 ಆಂಪಿಯರ್ ಎಳೆಯುತ್ತದೆ. ಅದೇ ಶಕ್ತಿಯನ್ನು 15,000 ವೋಲ್ಟಿನಲ್ಲಿ ಪಡೆಯಲು 300ಕ್ಕೂ ಹೆಚ್ಚು ಆಂಪಿಯರ್ ಬೇಕು, 1,500 ವೋಲ್ಟಿನಲ್ಲಿ 3,000ಕ್ಕೂ ಹೆಚ್ಚು. ವೋಲ್ಟ್ ಕಡಿಮೆಯಾದಷ್ಟೂ ಹರಿವು ಹೆಚ್ಚು, ಹರಿವು ಹೆಚ್ಚಿದಷ್ಟೂ ಕಾಂತಕ್ಷೇತ್ರ ಹೆಚ್ಚು. ಇಪ್ಪತ್ತೈದು ಸಾವಿರ ಎಂಬ ಸಂಖ್ಯೆ ಕೇಳಿ ಹೆದರುವ ನಮ್ಮ ಅಂದಾಜು ಇಲ್ಲೇ ತಲೆಕೆಳಗಾಗುತ್ತದೆ.

ಕಾಂತಕ್ಷೇತ್ರವನ್ನು ಅಳೆಯುವುದು ಮೈಕ್ರೋಟೆಸ್ಲಾ ಎಂಬ ಮಾನದಲ್ಲಿ. ಕರ್ನಾಟಕದಲ್ಲಿ ಭೂಮಿಯ ಸ್ಥಿರ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. 200 ಆಂಪಿಯರ್ ಹರಿಯುವ ಒಂದು ತಂತಿಯಿಂದ 5 ಮೀಟರ್ ದೂರದಲ್ಲಿ ಸಿಗುವುದು 8 ಮೈಕ್ರೋಟೆಸ್ಲಾ. ಮೇಲಿನ ತಂತಿಯಲ್ಲಿ ಬಂದ ವಿದ್ಯುತ್ತು ಕೆಳಗಿನ ಹಳಿಯಲ್ಲಿ ಹಿಂದಿರುಗುವುದರಿಂದ, ನಡುವೆ ಕೂತವರಿಗೆ ಎರಡರ ಕ್ಷೇತ್ರವೂ ಕೂಡಿಕೊಳ್ಳುತ್ತದೆ. ಆದರೆ ಈ ಹರಿವು ಎಂಜಿನ್ನಿಗೂ ವಿದ್ಯುತ್ ಪೂರೈಸುವ ಉಪಕೇಂದ್ರಕ್ಕೂ ನಡುವೆ ಮಾತ್ರ. ಉಪಕೇಂದ್ರ ಮುಂದಿದ್ದರೆ ಹಿಂದಿನ ಬೋಗಿಗಳ ಮೇಲಿನ ತಂತಿಯಲ್ಲಿ ಆ ಎಂಜಿನ್ನಿಗಾಗಿ ಹೆಚ್ಚೇನೂ ಹರಿಯುವುದಿಲ್ಲ. ರೈಲು ನಿಂತಾಗ, ಇಳಿಜಾರಿನಲ್ಲಿ ತಾನಾಗಿ ಉರುಳುವಾಗ ಹರಿವು ತೀರ ತಗ್ಗುತ್ತದೆ. ಎಂಜಿನ್ನಿನಲ್ಲಿ ಕೂತವರ ಸ್ಥಿತಿ ಬೇರೆ. ಉಪಕೇಂದ್ರ ಮುಂದಿರಲಿ ಹಿಂದಿರಲಿ, ಎಳೆದ ವಿದ್ಯುತ್ತೆಲ್ಲ ಅವರ ಬೆನ್ನ ಹಿಂದಿನ ಟ್ರಾನ್ಸ್‌ಫಾರ್ಮರು, ಕಾಲಡಿಯ ಕೇಬಲ್ಲುಗಳ ಮೂಲಕವೇ ಹೋಗಬೇಕು. ಪ್ರಯಾಣಿಕ ಮೂರು ತಾಸಿಗೆ ಇಳಿದು ಹೋಗುತ್ತಾನೆ. ಚಾಲಕ ಇಳಿಯುವುದು ಪಿಂಚಣಿಗೆ.

*

1979 ಈ ಕತೆಯಲ್ಲಿ ವಿಚಿತ್ರವಾದ ವರ್ಷ. ಸೀಮೆನ್ಸ್‌ನ ಪುಟ್ಟ ರೈಲಿಗೆ ಸರಿಯಾಗಿ ನೂರು ವರ್ಷ. ಆ ವರ್ಷ ಜರ್ಮನಿಯ ಹ್ಯಾಂಬರ್ಗಿನ ಸಾರಿಗೆ ವಸ್ತುಪ್ರದರ್ಶನದಲ್ಲಿ ಟ್ರಾನ್ಸ್‌ರ‍್ಯಾಪಿಡ್ ಎಂಬ ಕಾಂತಬಲದಿಂದ ತೇಲುವ ರೈಲು, ಅಂದರೆ ಮ್ಯಾಗ್ಲೆವ್, ಒಂದು ಕಿಲೋಮೀಟರಿಗೂ ಕಡಿಮೆ ದಾರಿಯಲ್ಲಿ ಸಾವಿರಾರು ಜನರನ್ನು ಹತ್ತಿಸಿಕೊಂಡು ಓಡಿತು. ಡಿಸೆಂಬರಿನಲ್ಲಿ ಜಪಾನಿನ ಮಿಯಾಝಾಕಿಯಲ್ಲಿ ಜನರಿಲ್ಲದ ಪರೀಕ್ಷಾ ಮ್ಯಾಗ್ಲೆವ್ ಗಂಟೆಗೆ 517 ಕಿಲೋಮೀಟರ್ ವೇಗ ಮುಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ನ್ಯಾನ್ಸಿ ವರ್ತ್‌ಹೈಮರ್ ಎಂಬ ಸಂಶೋಧಕಿ ಮತ್ತು ಭೌತಶಾಸ್ತ್ರಜ್ಞ ಎಡ್ ಲೀಪರ್ ಒಂದು ಪ್ರಬಂಧ ಪ್ರಕಟಿಸಿದರು. ಕಾಣದ ಕ್ಷೇತ್ರದ ಮೇಲೆ ರೈಲುಗಳನ್ನೇ ಹಾರಿಸಲು ಜಗತ್ತು ಹೊರಟ ಹೊತ್ತಿಗೇ, ಆ ಕ್ಷೇತ್ರದ ಬಗ್ಗೆ ಸಂಶಯವೂ ಹುಟ್ಟಿತು.

ವರ್ತ್‌ಹೈಮರ್ ಮಾಡಿದ್ದು ಸರಳವಾದ ಕೆಲಸ. ಡೆನ್ವರ್ ನಗರದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಮಕ್ಕಳ ವಿಳಾಸಗಳನ್ನು ಹಿಡಿದು ಬೀದಿ ಬೀದಿ ಸುತ್ತಿ, ಆ ಮನೆಗಳ ಹೊರಗೆ ಎಂಥ ವಿದ್ಯುತ್ ತಂತಿಗಳಿವೆ, ಎಷ್ಟು ಹತ್ತಿರವಿವೆ ಎಂದು ಬರೆದುಕೊಂಡರು. ಬೇರೆ ಮಕ್ಕಳ ಮನೆಗಳೊಂದಿಗೆ ಹೋಲಿಸಿದರು. ಹೆಚ್ಚು ವಿದ್ಯುತ್ತು ಹರಿಯುವ ತಂತಿಗಳ ಪಕ್ಕದ ಮನೆಗಳಲ್ಲಿ ಆ ಮಕ್ಕಳು ಹೆಚ್ಚಿದ್ದರು. ವಿಧಾನದಲ್ಲಿ ಕೊರತೆಗಳಿದ್ದವು, ಮನೆಯೊಳಗಿನ ಕ್ಷೇತ್ರವನ್ನು ಅಳೆಯುವ ಬದಲು ತಂತಿ ನೋಡಿ ಅಂದಾಜು ಮಾಡಿದ್ದರು, ಯಾವುದು ಯಾರ ಮನೆ ಎಂದು ನೋಡುವವರಿಗೆ ಮೊದಲೇ ಗೊತ್ತಿತ್ತು. ಆದರೂ ಪ್ರಶ್ನೆ ಹುಟ್ಟಿತು, ಹಿಂದಕ್ಕೆ ಹೋಗಲಿಲ್ಲ.

ಮೂರು ವರ್ಷದ ನಂತರ ಸ್ಯಾಮ್ಯುಯಲ್ ಮಿಲ್‌ಹ್ಯಾಮ್ ಎಂಬ ವೈದ್ಯ ವಾಷಿಂಗ್ಟನ್ ರಾಜ್ಯದ ಪುರುಷರ ಮರಣಪತ್ರಗಳಲ್ಲಿ ಬರೆದಿದ್ದ ಉದ್ಯೋಗಗಳನ್ನು ನೋಡಿದರು. ವಿದ್ಯುತ್ತಿನ ಹತ್ತಿರ ಕೆಲಸ ಮಾಡುವ ಹನ್ನೊಂದು ಕಸುಬುಗಳನ್ನು ಆರಿಸಿಕೊಂಡರು: ಲೈನ್‌ಮನ್, ವೆಲ್ಡರ್, ವಿದ್ಯುತ್ ಕೇಂದ್ರದ ನೌಕರ, ಹೀಗೆ. ಆ ಪಟ್ಟಿಯಲ್ಲಿ ಟ್ರಾಮು ಮತ್ತು ನೆಲದಡಿ ರೈಲಿನ ಚಾಲಕರೂ ಇದ್ದರು. ಬಹುಪಾಲು ಕಸುಬುಗಳಲ್ಲಿ ರಕ್ತದ ಕ್ಯಾನ್ಸರಿನ ಸಾವುಗಳು ನಿರೀಕ್ಷೆಗಿಂತ ಹೆಚ್ಚಿದ್ದವು. ರೈಲು ಚಾಲಕನ ಹೆಸರು ಈ ಲೆಕ್ಕದೊಳಗೆ ಬಂದದ್ದು ಹೀಗೆ.

*

ರೈಲ್ವೆ ನೌಕರರು ಸಂಶೋಧಕರಿಗೆ ಯಾಕೆ ಬೇಕಾದರು ಎಂಬುದು ಸ್ವಾರಸ್ಯದ ಸಂಗತಿ. ಮನೆಯಲ್ಲಿರುವ ಮನುಷ್ಯ ದಿನಕ್ಕೆ ಎಷ್ಟು ಕ್ಷೇತ್ರದಲ್ಲಿ ಇದ್ದ ಎಂದು ಹೇಳುವುದು ಕಷ್ಟ. ರೈಲ್ವೆ ಹಾಗಲ್ಲ. ಅದು ಬರೆದಿಡುವ ಇಲಾಖೆ. ಯಾರು ಯಾವಾಗ ಸೇರಿದರು, ಯಾವ ಹುದ್ದೆಯಲ್ಲಿ ಎಷ್ಟು ವರ್ಷ ಇದ್ದರು, ಯಾವಾಗ ನಿವೃತ್ತರಾದರು, ಪಿಂಚಣಿ ಯಾವಾಗ ನಿಂತಿತು, ಎಲ್ಲವೂ ಕಡತದಲ್ಲಿ ಸಿಗುತ್ತದೆ. ಹೋಲಿಕೆಗೆ ಬೇಕಾದ ಜೋಡಿಯೂ ಅಲ್ಲೇ ಇದೆ. ಸ್ಟೇಷನ್ ಮಾಸ್ಟರಿಗೂ ಎಂಜಿನ್ ಚಾಲಕನಿಗೂ ಯಜಮಾನ ಒಬ್ಬನೇ. ಸಂಬಳ, ವೈದ್ಯಕೀಯ ಪರೀಕ್ಷೆ, ಪಾಳಿಯ ಕಟ್ಟುಪಾಡುಗಳಲ್ಲೂ ಅಜಗಜಾಂತರವಿಲ್ಲ. ದೊಡ್ಡ ವ್ಯತ್ಯಾಸವೆಂದರೆ ಒಬ್ಬ ಎಂಜಿನ್ನಿನಲ್ಲಿ ಕೂತಿದ್ದಾನೆ, ಇನ್ನೊಬ್ಬ ಪ್ಲಾಟ್‌ಫಾರಂ ಮೇಲೆ ನಿಂತಿದ್ದಾನೆ.

1994ರಲ್ಲಿ ಎರಡು ನೆರೆಯ ದೇಶಗಳಿಂದ ಎರಡು ಉತ್ತರ ಬಂತು. ನಾರ್ವೆಯಲ್ಲಿ 13,030 ರೈಲ್ವೆ ನೌಕರರ ದಾಖಲೆ ಹುಡುಕಿದಾಗ ವಿದ್ಯುತ್ ಮಾರ್ಗದಲ್ಲಿ ದುಡಿದವರಿಗೆ ರಕ್ತದ ಕ್ಯಾನ್ಸರಾಗಲಿ ಮೆದುಳಿನ ಗೆಡ್ಡೆಯಾಗಲಿ ಹೆಚ್ಚು ಬಂದಿರಲಿಲ್ಲ. ಸ್ವೀಡನ್ನಿನಲ್ಲಿ 1961ರಿಂದ 1979ರವರೆಗಿನ ದಾಖಲೆ ನೋಡಿದರೆ ಮೊದಲ ದಶಕದ ಚಾಲಕರು ಮತ್ತು ಗಾರ್ಡುಗಳಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರ್ ಹೆಚ್ಚಾಗಿ ಕಂಡಿತು, ಎರಡನೆಯ ದಶಕದಲ್ಲಿ ಆ ಹೆಚ್ಚಳ ಬಹುಮಟ್ಟಿಗೆ ಕರಗಿತ್ತು.

ಎಲ್ಲಕ್ಕಿಂತ ವಿಸ್ತಾರವಾದ ಕೆಲಸ ನಡೆದದ್ದು ಸ್ವಿಟ್ಜರ್ಲೆಂಡಿನಲ್ಲಿ. ಕ್ರಿಸ್ಟೋಫ್ ಮಿಂಡರ್ ಮತ್ತು ಡೊಮಿನಿಕ್ ಫ್ಲೂಗರ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಳತೆಯೇ ಮೊದಲು ಗಮನ ಸೆಳೆಯುತ್ತದೆ. ಮಾರ್ಗದ ಚಾಲಕರು ಕೆಲಸದಲ್ಲಿದ್ದಾಗ ಅವರ ಸುತ್ತಲಿನ ಸರಾಸರಿ ಕ್ಷೇತ್ರ 25.9 ಮೈಕ್ರೋಟೆಸ್ಲಾ, ಶಂಟಿಂಗ್ ಚಾಲಕರಿಗೆ 13.4, ರೈಲಿನೊಳಗಿನ ಸಿಬ್ಬಂದಿಗೆ 3.3, ಸ್ಟೇಷನ್ ಮಾಸ್ಟರಿಗೆ 1. ರಕ್ತದ ಕ್ಯಾನ್ಸರಿನ ಸಾವು ಸ್ಟೇಷನ್ ಮಾಸ್ಟರುಗಳಿಗಿಂತ ಚಾಲಕರಲ್ಲಿ 2.4 ಪಟ್ಟು. ಮೆದುಳಿನ ಗೆಡ್ಡೆಯ ಲೆಕ್ಕ ಮಾತ್ರ ಒಗಟಾಗಿತ್ತು: ಅತಿ ಹೆಚ್ಚು ಕ್ಷೇತ್ರದಲ್ಲಿದ್ದ ಮಾರ್ಗದ ಚಾಲಕರಲ್ಲಿ ಹೆಚ್ಚಳವೇ ಇಲ್ಲ, ಅವರ ಅರ್ಧದಷ್ಟಿದ್ದ ಶಂಟಿಂಗ್ ಚಾಲಕರಲ್ಲಿ ಇತ್ತು.

ಆರು ವರ್ಷದ ನಂತರ ಮಾರ್ಟಿನ್ ರೂಸ್ಲಿ ಮತ್ತು ಸಂಗಡಿಗರು ಅದೇ ದಾಖಲೆಯನ್ನು 2002ರವರೆಗೆ ಎಳೆದು, 20,141 ನೌಕರರನ್ನು ಲೆಕ್ಕಕ್ಕೆ ತೆಗೆದುಕೊಂಡರು. ಒಟ್ಟು ರಕ್ತದ ಕ್ಯಾನ್ಸರಿನ ಅನುಪಾತ 2.4ರಿಂದ 1.43ಕ್ಕೆ ಇಳಿಯಿತು. ಮೆದುಳಿನ ಗೆಡ್ಡೆಗೆ ಸಂಬಂಧ ಕಾಣಲಿಲ್ಲ. ಆದರೆ ಮೈಲಾಯ್ಡ್ ಎಂಬ ಒಂದು ಬಗೆಯ ರಕ್ತದ ಕ್ಯಾನ್ಸರ್ ಮಾತ್ರ ಚಾಲಕರಲ್ಲಿ 4.74 ಪಟ್ಟು ಎಂದು ಬಂತು. ಇನ್ನೊಂದು ಪ್ರಬಂಧದಲ್ಲಿ ಅಲ್ಝೈಮರ್ ಕಾಯಿಲೆಯ ಸಾವು ಚಾಲಕರಲ್ಲಿ 3.15 ಪಟ್ಟು ಎಂದು ತೋರಿತು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. 4.74 ಎಂಬ ಸಂಖ್ಯೆ ಪತ್ರಿಕೆಯ ತಲೆಬರಹಕ್ಕೆ ಹೇಳಿ ಮಾಡಿಸಿದಂತಿದೆ. ಸಂಶೋಧಕರು ಅದರ ಪಕ್ಕದಲ್ಲೇ ಬರೆದ ಇನ್ನೆರಡು ಸಂಖ್ಯೆಗಳಿವೆ: 1.04ರಿಂದ 21.60. ಅಂದರೆ ನಿಜವಾದ ಅನುಪಾತ ಹೆಚ್ಚೂಕಡಿಮೆ ಏನೂ ಇಲ್ಲ ಎನ್ನುವಲ್ಲಿಂದ ಇಪ್ಪತ್ತು ಪಟ್ಟಿನವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಲ್ಝೈಮರ್ ಲೆಕ್ಕದಲ್ಲಿ ಅದು 0.90ರಿಂದ 11.04, ಏನೂ ಇಲ್ಲ ಎಂಬುದೂ ಅದರೊಳಗೇ ಸೇರಿದೆ. ಕಾಯಿಲೆ ಅಪರೂಪದ್ದು, ಸಾವುಗಳು ಬೆರಳೆಣಿಕೆಯವು, ಅದಕ್ಕೇ ಇಷ್ಟು ಅಗಲ. ಇಪ್ಪತ್ತು ಸಾವಿರ ಜನರ ಮೂವತ್ತು ವರ್ಷದ ಬದುಕನ್ನು ಜರಡಿ ಹಿಡಿದರೂ ಇಷ್ಟೇ ಸಿಕ್ಕಿತು. ಅಪಾಯವಿದ್ದರೆ ಅದು ದೊಡ್ಡದಲ್ಲ ಎನ್ನಲು ಇದು ಸಾಕು. ಅಪಾಯವೇ ಇಲ್ಲ ಎನ್ನಲು ಸಾಲದು.

ಇಷ್ಟು ಹೇಳುವುದೂ ಒಂದು ಉತ್ತರವೇ. ನಾವು ಅದನ್ನು ಉತ್ತರವೆಂದು ಒಪ್ಪುವುದಿಲ್ಲ, ಅಷ್ಟೆ.

*

ಅತ್ತ ಮ್ಯಾಗ್ಲೆವ್ ರೈಲುಗಳ ಸುತ್ತ ಬೇರೆಯದೇ ಕತೆ ಬೆಳೆಯುತ್ತಿತ್ತು. ಹೆಸರಿನಲ್ಲೇ ಕಾಂತವಿದ್ದುದರಿಂದ ಭಯವೂ ಅದರ ಕಡೆಗೇ ಹರಿಯಿತು. ಮ್ಯಾಗ್ಲೆವ್‌ನಲ್ಲಿ ಎರಡು ಜಾತಿ. ಜರ್ಮನಿಯ ಟ್ರಾನ್ಸ್‌ರ‍್ಯಾಪಿಡ್ ಸಾಧಾರಣ ವಿದ್ಯುತ್ಕಾಂತಗಳಿಂದ ಹಳಿಯ ಕೆಳಗಿನಿಂದ ಮೇಲಕ್ಕೆ ಸೆಳೆಯಲ್ಪಟ್ಟು ತೇಲುತ್ತದೆ. ನಡುವಿನ ಅಂತರ ಸುಮಾರು 10 ಮಿಲಿಮೀಟರ್. ಕಬ್ಬಿಣದ ತಿರುಳಿರುವುದರಿಂದ ಕ್ಷೇತ್ರವೆಲ್ಲ ಆ ಸಣ್ಣ ಸಂದಿಯಲ್ಲೇ ಕಟ್ಟುಬೀಳುತ್ತದೆ. 1990ರಲ್ಲಿ ಅಮೆರಿಕದ ರೈಲ್ವೆ ಆಡಳಿತ ಜರ್ಮನಿಯ ಎಮ್ಸ್‌ಲ್ಯಾಂಡ್ ಪರೀಕ್ಷಾ ಮಾರ್ಗದಲ್ಲಿ ಇದರೊಳಗಿನ ಕ್ಷೇತ್ರವನ್ನು ಅಳೆಸಿತು. ಒಳಗಿನ ಸ್ಥಿರ ಕ್ಷೇತ್ರ ಭೂಮಿಯದರ ಆಸುಪಾಸಿನಲ್ಲಿತ್ತು. ಒಟ್ಟಾರೆ ಸಾಮಾನ್ಯ ವಿದ್ಯುತ್ ರೈಲುಗಳಿಗಿಂತ ಭಯಪಡುವಂಥದ್ದೇನೂ ಸಿಗಲಿಲ್ಲ.

ಜಪಾನಿನದು ಬೇರೆ ಜಾತಿ. ಅಲ್ಲಿ ದ್ರವ ಹೀಲಿಯಂನಲ್ಲಿ ಶೂನ್ಯದ ಕೆಳಗೆ 269 ಡಿಗ್ರಿಗೆ ತಣಿಸಿದ ಅತಿವಾಹಕ ಕಾಂತಗಳು ರೈಲನ್ನು 10 ಸೆಂಟಿಮೀಟರ್ ಎತ್ತುತ್ತವೆ. 2015ರಲ್ಲಿ ಗಂಟೆಗೆ 603 ಕಿಲೋಮೀಟರ್ ಓಡಿದ್ದು ಇದೇ. ಈ ಕಾಂತಗಳ ಬಲ ಆಸ್ಪತ್ರೆಯ ಎಂಆರ್‌ಐ ಯಂತ್ರದ ಸಾಲಿನದು. ಹಾಗಾಗಿ ಅವನ್ನು ಪ್ರಯಾಣಿಕರ ಆಸನದಿಂದ ದೂರ, ಬೋಗಿಗಳ ತುದಿಯಲ್ಲಿಟ್ಟು, ನಡುವೆ ಕಾಂತ ತಡೆಯುವ ಲೋಹದ ಗೋಡೆ ಕೊಟ್ಟಿದ್ದಾರೆ. ಹತ್ತುವ ದಾರಿಗೂ ಅಂಥದೇ ಹೊದಿಕೆ. 2013ರ ಡಿಸೆಂಬರಿನಲ್ಲಿ ಜಪಾನಿನ ಕಂಪನಿ ಯಮನಾಶಿ ಮಾರ್ಗದಲ್ಲಿ ಅಳತೆ ಮಾಡಿ ಅಂಕಿಗಳನ್ನು ಪ್ರಕಟಿಸಿತು. ಎಲ್ಲವೂ ಅಂತರರಾಷ್ಟ್ರೀಯ ಮಿತಿಯೊಳಗೇ ಇದ್ದವು.

ಇಂಥ ಮಾತುಗಳ ಜೊತೆ ಒಂದು ಹೋಲಿಕೆ ಸದಾ ಬರುತ್ತದೆ: ತಲೆಗೂದಲು ಒಣಗಿಸುವ ಯಂತ್ರದ ಕ್ಷೇತ್ರ ಇದಕ್ಕಿಂತ ಹೆಚ್ಚು ಎಂದು. ಅದು ಸುಳ್ಳಲ್ಲ. 3 ಸೆಂಟಿಮೀಟರ್ ಹತ್ತಿರದಲ್ಲಿ ಆ ಯಂತ್ರದ ಕ್ಷೇತ್ರ ಸಾವಿರ ಮೈಕ್ರೋಟೆಸ್ಲಾ ಮೀರಬಹುದು. ಆದರೆ ಆ ಯಂತ್ರವನ್ನು ಯಾರೂ ದಿನಕ್ಕೆ ಎಂಟು ತಾಸಿನಂತೆ ಮೂವತ್ತು ವರ್ಷ ತಲೆಗೆ ಹಿಡಿಯುವುದಿಲ್ಲ. ಪ್ರಯಾಣಿಕನಿಗೆ ಸಮಾಧಾನ ಹೇಳಲು ಸರಿಯಾದ ಹೋಲಿಕೆ ಅದು, ಚಾಲಕನ ಪ್ರಶ್ನೆಗೆ ಉತ್ತರವಲ್ಲ.

ಶಾಂಘೈಯಲ್ಲಿ ಈ ಭಯ ಬೀದಿಗೆ ಬಂತು. 2002ರ ಕೊನೆಯಲ್ಲಿ ಉದ್ಘಾಟನೆಯಾದ 30 ಕಿಲೋಮೀಟರ್ ಉದ್ದದ ಟ್ರಾನ್ಸ್‌ರ‍್ಯಾಪಿಡ್ ಮಾರ್ಗವನ್ನು ನಗರದೊಳಗಿಂದ ಹಾಂಗ್‌ಝೌ ಕಡೆಗೆ ವಿಸ್ತರಿಸುವ ಯೋಜನೆ ಬಂದಾಗ, ದಾರಿಯ ಪಕ್ಕದ ಬಡಾವಣೆಗಳ ನಿವಾಸಿಗಳು ವಿರೋಧಿಸಿದರು. ಮಾರ್ಗಕ್ಕೂ ಮನೆಗಳಿಗೂ ನಡುವೆ ಬಿಡುವ ಜಾಗವನ್ನು ಯೋಜನೆಯಲ್ಲಿ 22.5 ಮೀಟರಿಗೆ ಇಳಿಸಿದ್ದು ಅವರ ಸಿಟ್ಟಿಗೆ ಕಾರಣ. ಮೆರವಣಿಗೆಗೆ ಅಲ್ಲಿ ಅವಕಾಶವಿಲ್ಲ. 2008ರ ಜನವರಿಯಲ್ಲಿ ಅವರು ತಾವು ಸುಮ್ಮನೆ ವಾಯುವಿಹಾರಕ್ಕೆ ಬಂದವರೆಂದು ಹೇಳಿಕೊಂಡು ನಗರದ ನಡುವಿನ ಚೌಕದಲ್ಲಿ ಗುಂಪಾಗಿ ನಡೆದರು. ಅವರ ಬಾಯಲ್ಲಿದ್ದ ಮಾತು ವಿಕಿರಣ. ಜೊತೆಗೆ ಸದ್ದು, ಮನೆಯ ಬೆಲೆ ಬಿದ್ದೀತೆಂಬ ಅಂಜಿಕೆ, ತಮ್ಮನ್ನು ಯಾರೂ ಕೇಳಲಿಲ್ಲವೆಂಬ ನೋವು. ಯೋಜನೆ ನಿಂತಿತು. 2010ರಲ್ಲಿ ಶಾಂಘೈಯಿಂದ ಹಾಂಗ್‌ಝೌಗೆ ಚಕ್ರದ ಮೇಲೆ ಓಡುವ ವೇಗದ ವಿದ್ಯುತ್ ರೈಲು ಬಂತು. ಅದಕ್ಕೂ ತಂತಿಯಿದೆ, ಅದಕ್ಕೂ ಕಾಂತಕ್ಷೇತ್ರವಿದೆ.

ಜರ್ಮನಿಯಲ್ಲಿ ಆದದ್ದು ಇನ್ನೂ ಕಠೋರ. 2006ರ ಸೆಪ್ಟೆಂಬರ್ 22ರಂದು ಎಮ್ಸ್‌ಲ್ಯಾಂಡ್ ಮಾರ್ಗದಲ್ಲಿ ಟ್ರಾನ್ಸ್‌ರ‍್ಯಾಪಿಡ್ ಒಂದು ದುರಸ್ತಿ ವಾಹನಕ್ಕೆ ಬಡಿದು 23 ಜನ ಸತ್ತರು. ವಾಹನ ಇನ್ನೂ ದಾರಿಯ ಮೇಲಿದ್ದಾಗಲೇ ರೈಲಿಗೆ ಹೊರಡಲು ಅನುಮತಿ ಸಿಕ್ಕಿತ್ತು. ವರ್ಷಗಟ್ಟಲೆ ಕಾಣದ ಕ್ಷೇತ್ರವನ್ನು ಅಳೆದ ದಾರಿಯಲ್ಲೇ, ಕಣ್ಣಿಗೆ ಕಾಣುವ ಒಂದು ಗಾಡಿಯನ್ನು ಮರೆತಿದ್ದರು.

*

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವಿದ್ಯುತ್ ತಂತಿಗಳಂಥ ಕಡಿಮೆ ಆವರ್ತನದ ಕಾಂತಕ್ಷೇತ್ರವನ್ನು 2ಬಿ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು ಎಂಬ ಗುಂಪು ಅದು. ಸ್ಥಿರ ಕ್ಷೇತ್ರದ ಬಗ್ಗೆ ಏನನ್ನೂ ಹೇಳುವಷ್ಟು ಸಾಕ್ಷ್ಯವಿಲ್ಲ ಎಂದು ಬೇರೆ ಗುಂಪಿಗೆ ಹಾಕಿತು. 2ಬಿ ಎಂದರೆ ಎಷ್ಟು ಹೆದರಬೇಕು? ನಾವು ದಿನಾ ಕುಡಿಯುವ ಕಾಫಿ 2016ರವರೆಗೂ ಅದೇ ಗುಂಪಿನಲ್ಲಿತ್ತು. ಇದನ್ನು ಹೇಳಿ ನಕ್ಕುಬಿಡುವುದು ಸುಲಭ. ಆದರೆ ಕಾಫಿ ಆ ಗುಂಪಿನಿಂದ ಹೊರಬಂದದ್ದು ಯಾರೋ ನಕ್ಕಿದ್ದರಿಂದಲ್ಲ, ಹೆಚ್ಚಿನ ಅಧ್ಯಯನ ನಡೆದದ್ದರಿಂದ. ಕಾಂತಕ್ಷೇತ್ರ ಇನ್ನೂ ಅಲ್ಲೇ ಇದೆ.

2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದುವರೆಗಿನ ಸಾಕ್ಷ್ಯವನ್ನೆಲ್ಲ ಒಟ್ಟುಗೂಡಿಸಿತು. ಮಕ್ಕಳ ರಕ್ತದ ಕ್ಯಾನ್ಸರಿಗೂ ಮನೆಯಲ್ಲಿನ ಕ್ಷೇತ್ರಕ್ಕೂ ಸಂಬಂಧ ನಿಜವೇ ಆಗಿದ್ದರೆ, ಜಗತ್ತಿನಲ್ಲಿ ವರ್ಷಕ್ಕೆ 100ರಿಂದ 2,400 ಪ್ರಕರಣಗಳು ಅದರಿಂದ ಬರುತ್ತಿರಬಹುದು ಎಂದು ಅಂದಾಜು ಮಾಡಿತು. 'ನಿಜವೇ ಆಗಿದ್ದರೆ' ಎಂಬ ಆ ಮಾತನ್ನು ಅದು ಕೈಬಿಡಲಿಲ್ಲ. ಮೈಯೊಳಗೆ ಇದು ಹೇಗೆ ಕೆಲಸ ಮಾಡೀತು ಎಂಬ ದಾರಿ ಸಿಗದಿದ್ದುದರಿಂದ, ಪ್ರಾಣಿಗಳ ಮೇಲಿನ ಪ್ರಯೋಗಗಳೂ ಬೆಂಬಲಿಸದಿದ್ದುದರಿಂದ, ಕಡಿಮೆ ಖರ್ಚಿನಲ್ಲಿ ಕ್ಷೇತ್ರವನ್ನು ತಗ್ಗಿಸಬಹುದಾದ ಕಡೆ ತಗ್ಗಿಸಿ ಎಂದಷ್ಟೇ ಸಲಹೆ ಕೊಟ್ಟಿತು.

ಹಾಗಾದರೆ ಮೈಸೂರು ರೈಲಿನ ಆ ಹಿರಿಯರಿಗೆ ನಾನು ಹೇಳಿದ್ದು ಸರಿಯೇ? ಬಹುಮಟ್ಟಿಗೆ ಸರಿ. ಪೇಸ್‌ಮೇಕರ್ ಇರುವವರು ಸ್ಥಿರ ಕ್ಷೇತ್ರದಲ್ಲಿ 500 ಮೈಕ್ರೋಟೆಸ್ಲಾ ದಾಟಬಾರದು ಎಂಬುದು ಅಂತರರಾಷ್ಟ್ರೀಯ ಎಚ್ಚರಿಕೆ. ಅದು ಭೂಮಿಯ ಕ್ಷೇತ್ರದ ಹನ್ನೆರಡು ಪಟ್ಟು. 50 ಹರ್ಟ್ಜ್‌ನ ಬದಲಾಗುವ ಕ್ಷೇತ್ರಕ್ಕೆ ಜನಸಾಮಾನ್ಯರ ಮಿತಿ ಈಗ 200 ಮೈಕ್ರೋಟೆಸ್ಲಾ, ಹಿಂದೆ 100 ಇತ್ತು. ಬೋಗಿಯ ಆಸನದಲ್ಲಿ ಮೇಲಿನ ಲೆಕ್ಕದ ಪ್ರಕಾರ ಸಿಗುವುದು ಕೆಲವೇ ಹತ್ತುಗಳು, ಅದೂ ಕೆಲವು ನಿಮಿಷ. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ 2011ರಿಂದ 750 ವೋಲ್ಟ್ ನೇರ ವಿದ್ಯುತ್ತು ಪಕ್ಕದ ಮೂರನೆಯ ಹಳಿಯಲ್ಲಿ ಹರಿಯುತ್ತಿದೆ. ವೋಲ್ಟ್ ಕಡಿಮೆ ಇರುವುದರಿಂದ ಹರಿವು ಸಾವಿರಾರು ಆಂಪಿಯರ್. ಆದರೆ ಅದು ನೇರ ವಿದ್ಯುತ್ತು, ಹೊರಡುವಾಗ ನಿಲ್ಲುವಾಗ ಬಿಟ್ಟರೆ ಅದರ ಕ್ಷೇತ್ರ ಹೆಚ್ಚು ಏರಿಳಿಯುವುದಿಲ್ಲ. ಯಾವ ಸಾಧನಕ್ಕೆ ಯಾವ ಎಚ್ಚರ ಎಂಬುದನ್ನು ಅದನ್ನು ಹಾಕಿದ ವೈದ್ಯರನ್ನು ಕೇಳಿಯೇ ತಿಳಿಯಬೇಕು, ನನ್ನಂಥ ಸಹಪ್ರಯಾಣಿಕರನ್ನಲ್ಲ.

ನಾನು ಮರೆತದ್ದು ಬೇರೆ. ಅವರ ಪ್ರಶ್ನೆ ನಿಜಕ್ಕೂ ಸಲ್ಲಬೇಕಾದದ್ದು ಹತ್ತು ಹದಿನೈದು ಬೋಗಿ ಮುಂದೆ, ಎಂಜಿನ್ನಿನಲ್ಲಿ ಕೂತಿದ್ದ ಲೋಕೋ ಪೈಲಟ್‌ಗೆ. ದೇಶದ ಬ್ರಾಡ್‌ಗೇಜ್ ಹಳಿಗಳಲ್ಲಿ ಶೇಕಡ 95ಕ್ಕೂ ಹೆಚ್ಚು ಈಗ ವಿದ್ಯುತ್ ಮಾರ್ಗವಾಗಿದೆ. ಡೀಸೆಲ್ ಹೊಗೆಯಿಂದ ಚಾಲಕರಿಗೂ ಊರುಗಳಿಗೂ ಸಿಕ್ಕಿದ ಬಿಡುಗಡೆ ನಿಶ್ಚಿತವಾದದ್ದು, ದೊಡ್ಡದು. ಕಾಂತಕ್ಷೇತ್ರದ ಅಪಾಯ ಅನಿಶ್ಚಿತ, ಇದ್ದರೂ ಸಣ್ಣದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಯಾರೂ ತಂತಿ ಕೀಳಿ ಎನ್ನುವುದಿಲ್ಲ. ಆದರೆ ಟ್ರಾನ್ಸ್‌ಫಾರ್ಮರನ್ನು, ಕೇಬಲ್ಲನ್ನು ಚಾಲಕರ ಆಸನದಿಂದ ಒಂದು ಮೀಟರ್ ಆಚೆ ಒಯ್ಯುವುದು, ಹೋಗುವ ಬರುವ ಕೇಬಲ್ಲುಗಳನ್ನು ಜೋಡಿಸಿ ಹೆಣೆದು ಒಂದರ ಕ್ಷೇತ್ರವನ್ನು ಇನ್ನೊಂದು ಕಡಿಯುವಂತೆ ಮಾಡುವುದು ಎಂಜಿನ್ನಿನ ನಕ್ಷೆ ಬರೆಯುವಾಗಲೇ ಆಗಬಹುದಾದ ಕೆಲಸ.

ನಮ್ಮ ರೈಲ್ವೆಯೂ ಬರೆದಿಡುವ ಇಲಾಖೆಯೇ. ಯಾರು ಯಾವ ಹುದ್ದೆಯಲ್ಲಿ ಎಷ್ಟು ವರ್ಷ ದುಡಿದರು ಎಂಬುದು ಸೇವಾ ಪುಸ್ತಕದಲ್ಲಿದೆ. ನಿಗದಿತ ಕಾಲಕ್ಕೆ ನಡೆಯುವ ಚಾಲಕರ ವೈದ್ಯಕೀಯ ಪರೀಕ್ಷೆಯ ಕಾಗದಗಳಿವೆ. ಸ್ವಿಟ್ಜರ್ಲೆಂಡಿನ ಇಪ್ಪತ್ತು ಸಾವಿರ ನೌಕರರಿಂದ ಬಗೆಹರಿಯದ ಲೆಕ್ಕ, ಅದಕ್ಕಿಂತ ಹಲವು ಪಟ್ಟು ದೊಡ್ಡದಾದ ಇಲ್ಲಿನ ಪಟ್ಟಿಯಲ್ಲಿ ಬಗೆಹರಿಯಬಹುದು. ಅಲಿಬಾಗಿನಲ್ಲಿ ಮುಳ್ಳಿಗಾಗಿ ಕಲ್ಲು ಆರಿಸಿ ಮನೆ ಕಟ್ಟಿ, ಎರಡು ವರ್ಷ ಎರಡು ಕಡೆ ಅಳೆದು ನೋಡಿದವರ ತಾಳ್ಮೆ ನಮ್ಮ ದೇಶದ್ದೇ. ಆ ಅಳತೆಗಳು ಅಲ್ಲಿ ಇವತ್ತಿಗೂ ನಡೆಯುತ್ತಿವೆ.